ಇಳಿಜಾರು ಮರೆತ ಮುಳ್ಳುಹಂದಿ

ಸಾಗರದ ನಮ್ಮ ಅತ್ತೆಮನೆಯ ಅಜ್ಜಿ ಕೊನೆಯವರೆಗೂ ವಿಡಿಯೋ ಗೇಮಿನ ಸೋನಿಕ್‌ನನ್ನು ಮುಳ್ಳುಹಂದಿ ಎಂದೇ ಕರೆದರು. ಟೀವಿಯೊಳಗಿನ ಆ ಪ್ರಾಣಿ ಕಡುನೀಲಿ ಬಣ್ಣದ್ದಿತ್ತು, ಕೆಂಪು ಬೂಟು ಹಾಕಿತ್ತು, ಎರಡೇ ಕಾಲಲ್ಲಿ ಓಡುತ್ತಿತ್ತು. ಅಜ್ಜಿಗೆ ಅದ್ಯಾವುದೂ ಲೆಕ್ಕಕ್ಕಿಲ್ಲ. ಬೆನ್ನ ಮೇಲೆ ಮುಳ್ಳಿದೆಯಲ್ಲ, ಮುಗಿಯಿತು. "ತೋಟದಲ್ಲಿ ಗೆಡ್ಡೆ ಅಗೆದು ಹಾಳು ಮಾಡೋದು ಸಾಲ್ದು ಅಂತ ಮನೆ ಒಳಗೂ ತಂದು ಸಾಕ್ಕೊಂಡ್ರಾ?" ಎಂದು ಕೇಳಿ ಕವಳದ ತಬಕು ಎಳೆದುಕೊಂಡು ಕೂರುವರು. ಇದು ನಮ್ಮ ಕಾಡಿನದಲ್ಲ ಅಜ್ಜೀ, ಹೆಡ್ಜ್‌ಹಾಗ್ ಅಂತ, ಬೇರೆ ಜಾತಿ, ಸಣ್ಣದು, ಹೆದರಿದರೆ ಉಂಡೆ ಕಟ್ಟಿಕೊಳ್ತದೆ ಎಂದು ನಾನು ಎಂಟನೇ ಕ್ಲಾಸಿನ ಪಾಂಡಿತ್ಯವನ್ನೆಲ್ಲ ಸುರಿದೆ. "ಉಂಡೆ ಕಟ್ಟೋದಾ? ಹಾಗಾದ್ರೆ ಮಳೆಗಾಲದಲ್ಲಿ ಕಟ್ಟೆ ಮೇಲೆ ಬರ್ತದಲ್ಲ, ಮುಟ್ಟಿದ್ರೆ ಗೋಲಿ ಆಗೋ ಹುಳ, ಅದೇ ಬಿಡು" ಎಂದು ಅವನನ್ನು ಇನ್ನೊಂದು ಕುಲಕ್ಕೆ ಸೇರಿಸಿದರು. ಪ್ರಾಣಿಶಾಸ್ತ್ರದ ಪರೀಕ್ಷೆಯಲ್ಲಿ ಅಜ್ಜಿ ನಪಾಸು. ಆದರೆ ಆ ಹುಳವನ್ನು ಅಂಗಳದ ಇಳುಕಲಿನಲ್ಲಿ ಬಿಟ್ಟು ನೋಡಿ, ತಾನಾಗಿ ಉರುಳುತ್ತದೆ, ಉರುಳಿದಷ್ಟೂ ಜೋರಾಗುತ್ತದೆ. ಸೋನಿಕ್‌ನ ಗುಟ್ಟೆಲ್ಲ ಇರುವುದು ಅಷ್ಟರಲ್ಲೇ ಎಂದು ನನಗೆ ಹೊಳೆಯಲು ಹದಿನೆಂಟು ವರ್ಷ ಹಿಡಿಯಿತು.

ನಾನು ಹೊಸನಗರ ತಾಲ್ಲೂಕಿನವನು. ನಮ್ಮ ಕಡೆಯವರು 'ನಗರಕ್ಕೆ ಹೋಗಿ ಬಂದೆ' ಎಂದರೆ ಬೆಂಗಳೂರಿಗೆ ಹೋಗಿದ್ದರು ಅಂದುಕೊಳ್ಳಬೇಡಿ; ಅದು ಬಿದನೂರು ನಗರ. ಒಂದು ಕೋಟೆ, ಒಂದು ಕೆರೆ, ನಾಲ್ಕು ಅಂಗಡಿ. ಎರಡನೇ ಭಾಗ, ಮೂರನೇ ಭಾಗ ಎಂದು ಸಿನಿಮಾದವರೂ ವಿಡಿಯೋ ಗೇಮಿನವರೂ ಮೊನ್ನೆ ಮೊನ್ನೆ ಶುರುಮಾಡಿದರು. ನಮ್ಮ ಅರಸರು ಅದನ್ನು ಎಂದೋ ಮಾಡಿ ಮುಗಿಸಿದ್ದಾರೆ. ರಾಜಧಾನಿ ಮೊದಲು ಕೆಳದಿ. ಆಮೇಲೆ ಇಕ್ಕೇರಿ. ಇಕ್ಕೇರಿಯ ಅಘೋರೇಶ್ವರನ ಗುಡಿಯೆದುರು ನಿಂತರೆ ಎರಡನೇ ಭಾಗ ಮೊದಲನೆಯದನ್ನು ಮೀರಿಸಿದ್ದಕ್ಕೆ ಬೇರೆ ಸಾಕ್ಷಿ ಬೇಡ. ಮೂರನೆಯದು ಬಿದನೂರು, ಸಿರಿವಂತಿಕೆಗೆ ಹೆಸರಾಗಿದ್ದು; 1763ರಲ್ಲಿ ಹೈದರಾಲಿ ಬಂದು ದೋಚಿಕೊಂಡು ಹೋದದ್ದೂ ಅದಕ್ಕೇ. ಆಮೇಲೆ ಬ್ರಿಟಿಷರ ಕಾಲಕ್ಕೆ ತಾಲ್ಲೂಕು ಕಚೇರಿಯನ್ನು ಕಲ್ಲೂರುಕಟ್ಟೆ ಎಂಬಲ್ಲಿಗೆ ಎತ್ತಿಕೊಂಡು ಹೋಗಿ ಅದಕ್ಕೆ ಹೊಸನಗರ ಎಂದು ಹೆಸರಿಟ್ಟರು. ನಾಲ್ಕನೇ ಭಾಗ! ಕೋಟೆಯಿಲ್ಲ, ಅರಮನೆಯಿಲ್ಲ, ಕಚೇರಿ ಇದೆ. ನಾಲ್ಕನೆಯದೆಂದರೆ ನನಗೆ ಯಾವತ್ತೂ ಸ್ವಲ್ಪ ಅನುಮಾನವಿರುವುದು ಈ ಕಾರಣಕ್ಕೂ ಇರಬಹುದು. ಊರಿನವರು ಬೇಜಾರು ಮಾಡಿಕೊಳ್ಳಬೇಡಿ, ನಾನೂ ನಿಮ್ಮವನೇ.

ಹೈಸ್ಕೂಲಿಗೆಂದು ನನ್ನನ್ನು ಸಾಗರದ ಅತ್ತೆಮನೆಗೆ ತಂದುಬಿಟ್ಟರು. ಆಗ ಪೇಟೆಯಲ್ಲಿ ವಿಡಿಯೋ ಗೇಮ್ ಎಂದರೆ ಟೀವಿಗೆ ಸಿಕ್ಕಿಸುವ ಬಿಳಿ ಡಬ್ಬ, ಕೈಯಲ್ಲಿ ಹಿಡಿದು ಒತ್ತುವ ಎರಡು ರಿಮೋಟು, ಮೇಲೊಂದು ಹಳದಿ ಕ್ಯಾಸೆಟ್ಟು. ಕ್ಯಾಸೆಟ್ಟಿನ ಮೇಲೆ '9999999 ಇನ್ 1' ಎಂದು ಅಚ್ಚಾಗಿರುತ್ತಿತ್ತು. ತೊಂಬತ್ತೊಂಬತ್ತು ಲಕ್ಷ ಚಿಲ್ಲರೆ ಆಟ! ಒಬ್ಬ ಮನುಷ್ಯ ಊಟ ನಿದ್ದೆ ಬಿಟ್ಟು ಆಡಿದರೂ ಜನ್ಮ ಸಾಲದು ಎಂದು ಗೆಳೆಯರೆಲ್ಲ ಸೇರಿ ಲೆಕ್ಕ ಹಾಕಿದ್ದೂ ಉಂಟು. ಆಮೇಲೆ ನೋಡಿದರೆ ಇದ್ದದ್ದು ಮಾರಿಯೋ, ಕಾಂಟ್ರಾ, ಬಾತುಕೋಳಿ ಹೊಡೆಯುವುದು, ಟ್ಯಾಂಕಿನದು, ಹೀಗೆ ಏಳೆಂಟು. ಅವೇ ಹೆಸರು ಬದಲಿಸಿಕೊಂಡು ಪುಟ ಪುಟ ಬರುತ್ತಿದ್ದವು. ಮಾರಿಯೋ ನಂಬರ್ 1ರಲ್ಲಿ ಮೊದಲಿಂದ ಶುರು, ನಂಬರ್ 46ರಲ್ಲಿ ನೀರಿನೊಳಗಿಂದ ಶುರು, ಅಷ್ಟೇ.

1994ರ ಬೇಸಗೆಯಲ್ಲಿ ಅತ್ತೆಯ ಮಗ, ನನ್ನ ಬಾವ, ಮಸ್ಕತ್ತಿನಿಂದ ರಜೆಗೆ ಬಂದ. ಸೆಂಟು, ಟಾರ್ಚು, ನಿಡೋ ಹಾಲಿನ ಪುಡಿಯ ಜೊತೆಗೆ ಒಂದು ಕಪ್ಪು ಪೆಟ್ಟಿಗೆ ತಂದಿದ್ದ. ಸೆಗಾ ಕಂಪನಿಯ ಮೆಗಾಡ್ರೈವ್ ಎಂಬ ವಿಡಿಯೋ ಗೇಮ್. ಅದರೊಳಗಿದ್ದವನು ಸೋನಿಕ್, 1991ರಲ್ಲಿ ಹುಟ್ಟಿದವನು. ಅದೇ ವರ್ಷ ನಮ್ಮ ಹೆಗ್ಗೋಡಿನ ಕೆ.ವಿ. ಸುಬ್ಬಣ್ಣನವರಿಗೆ ಮ್ಯಾಗ್ಸೆಸೆ ಪ್ರಶಸ್ತಿ ಬಂದಿತ್ತು. ಈ ಎರಡಕ್ಕೂ ಏನು ಸಂಬಂಧ ಎಂದು ಕೇಳಬೇಡಿ. ಸಾಗರದವರ ಬಾಯಲ್ಲಿ 1991 ಬಂದ ಮೇಲೆ ಸುಬ್ಬಣ್ಣ ಬಾರದೆ ಇರುವುದಿಲ್ಲ.

ಆಟ ಇಷ್ಟೆ. ಎಡದಿಂದ ಬಲಕ್ಕೆ ಓಡಬೇಕು, ಚಿನ್ನದ ಬಳೆ ಆರಿಸಬೇಕು, ನೂರು ಬಳೆಯಾದರೆ ಒಂದು ಜೀವ ಹೆಚ್ಚು. ಪೆಟ್ಟು ಬಿದ್ದರೆ ಬಳೆಯೆಲ್ಲ ಜಣ್ಣನೆ ಚೆಲ್ಲಿ ಹೋಗುವುದು. ಮಾರಿಯೋ ಆಡಿದವರಿಗೆ ಇದರಲ್ಲಿ ಹೊಸದೇನಿಲ್ಲ ಎಂದು ಮೊದಲ ಐದು ನಿಮಿಷ ಅನ್ನಿಸುತ್ತದೆ. ಆರನೇ ನಿಮಿಷಕ್ಕೆ ಒಂದು ಗುಡ್ಡದ ತಲೆಗೆ ಬಂದು, ಓಡುತ್ತ ಓಡುತ್ತ ಕೆಳಗಿನ ಗುಂಡಿ ಒತ್ತುತ್ತೀರಿ. ಸೋನಿಕ್ ಉಂಡೆ ಕಟ್ಟಿಕೊಂಡು ಇಳಿಜಾರಿನಲ್ಲಿ ಉರುಳುತ್ತಾನೆ. ನೀವು ಏನೂ ಒತ್ತಬೇಕಿಲ್ಲ. ಗುಡ್ಡವೇ ಅವನನ್ನು ಒಯ್ಯುತ್ತದೆ. ಆಗ ಹೊಟ್ಟೆಯೊಳಗೆ ಒಂದು ಗುಳಕ್ ಆಗುತ್ತದೆ ನೋಡಿ, ಆ ಗುಳಕ್ ನನಗೆ ಮೊದಲೇ ಪರಿಚಯವಿತ್ತು. ತೀರ್ಥಹಳ್ಳಿಯಿಂದ.

ತೀರ್ಥಹಳ್ಳಿ ತಾಲ್ಲೂಕಿನಲ್ಲಿ ನನ್ನ ಅಮ್ಮನ ತವರು. ಬೇಸಗೆ ರಜೆಗೆ ಅಲ್ಲಿ ಹನ್ನೆರಡು ಹದಿಮೂರು ಮಕ್ಕಳು ಸೇರುತ್ತಿದ್ದೆವು. ಮನೆಯ ಹಿಂದೆ ಬ್ಯಾಣ. ಮಳೆಗಾಲದಲ್ಲಿ ಸೊಂಟದೆತ್ತರ ಬೆಳೆದ ಹುಲ್ಲು ಮಾರ್ಚ್ ಹೊತ್ತಿಗೆ ಒಣಗಿ ಮಲಗಿ, ಎಣ್ಣೆ ಹಚ್ಚಿದಂತೆ ನುಣುಪಾಗಿರುತ್ತಿತ್ತು. ತೋಟಕ್ಕೆ ಹೋಗಿ ಉದುರಿದ ಅಡಿಕೆ ಹಾಳೆಗಳಲ್ಲಿ ಅಗಲದ್ದನ್ನು ಹುಡುಕುವುದು ಮೊದಲ ಕೆಲಸ. ಅದರಲ್ಲೂ ವಿದ್ಯೆ ಇದೆ. ತೀರಾ ಒಣಗಿದ ಹಾಳೆ ನಡುದಾರಿಯಲ್ಲಿ ಸೀಳುತ್ತದೆ, ಹಸಿ ಹಾಳೆ ಜಾರುವುದಿಲ್ಲ. ನಿನ್ನೆ ಮೊನ್ನೆ ಬಿದ್ದದ್ದಿರಬೇಕು. ಬುಡದ ಅಗಲದಲ್ಲಿ ಕುಂಡೆಯೂರಿ, ಸೋಗೆಯ ಕಡೆಯನ್ನು ಮುಂದಕ್ಕೆ ಮಾಡಿ ಎರಡೂ ಕೈಯಲ್ಲಿ ಬಿಗಿಯಾಗಿ ಹಿಡಿದು, ಹಿಂದಿನವನು ಒಂದು ನೂಕು ಕೊಟ್ಟರೆ ಮುಗಿಯಿತು. ಮೊದಲ ನಾಲ್ಕು ಮಾರು ನಿಧಾನ. ಆಮೇಲೆ ಗುಡ್ಡಕ್ಕೆ ನಿಮ್ಮ ಮೇಲೆ ಪ್ರೀತಿ ಹುಟ್ಟುತ್ತದೆ. ಕಿವಿಯಲ್ಲಿ ಗಾಳಿ, ಕಣ್ಣಲ್ಲಿ ನೀರು, ಹಾಳೆಯ ಕೆಳಗೆ ಸರ್ರೆಂಬ ಸದ್ದು, ಕೆಳಗೆ ಬೇಲಿ ಹತ್ತಿರವಾಗುತ್ತಿದೆ, ನಿಲ್ಲಿಸಲು ಉಪಾಯವೇ ಇಲ್ಲ. ಬೇಲಿಗೆ ಮೊದಲು ಒಂದು ದಿಬ್ಬವಿತ್ತು. ಅದನ್ನು ಹತ್ತಿದರೆ ಹಾಳೆ ಸಮೇತ ಗಾಳಿಗೆ ಏರಿ ಕೆಸುವಿನ ಪಾತಿಯಲ್ಲಿ ಬೀಳುತ್ತಿದ್ದೆವು. ಎಷ್ಟು ಎತ್ತರದಿಂದ ಹೊರಟರೆ ಪಾತಿ, ಎಷ್ಟರಿಂದ ಹೊರಟರೆ ಬೇಲಿ ಎಂಬ ಲೆಕ್ಕ ಕುಂಡೆಗೆ ಗೊತ್ತಿತ್ತು. ನ್ಯೂಟನ್ನನ ನಿಯಮಗಳು ಪಾಠದಲ್ಲಿ ಬಂದದ್ದು ಆಮೇಲೆ.

ಅಲ್ಲಿನ ನನ್ನ ಸೋದರಮಾವನಿಗೆ ಐವತ್ತಾದರೂ ಈ ಚಟ ಹೋಗಿರಲಿಲ್ಲ, ವಾಹನ ಮಾತ್ರ ಬದಲಾಗಿತ್ತು. ನಮ್ಮ ಮನೆಗೆ ಬಂದವನು ಕುಂದಾಪುರಕ್ಕೆ ಹೊರಟರೆ, ಹುಲಿಕಲ್ ಘಾಟಿಯ ತಲೆಯಲ್ಲಿ ಚಂಡಿಕಾಂಬೆಗೆ ಕಾಣಿಕೆ ಹಾಕಿ, ಕೈಮುಗಿದು, ಸ್ಕೂಟರಿನ ಎಂಜಿನ್ ಬಂದ್ ಮಾಡುವನು. "ಇಳಿಜಾರು ಅಂದ್ರೆ ದೇವ್ರು ಪುಕ್ಕಟೆ ಕೊಟ್ಟ ಪೆಟ್ರೋಲು ಅಳಿಯಾ, ಬೇಡ ಅನ್ಬಾರ್ದು." ಹಿಂದೆ ಕೂತ ನಾನು ಕಣ್ಣು ಮುಚ್ಚಿ ಚಂಡಿಕಾಂಬೆಗೆ ಇನ್ನೊಂದು ಕಾಣಿಕೆ ಬಾಕಿ ಹೇಳಿಕೊಳ್ಳುತ್ತಿದ್ದೆ. ನೀವು ಹಾಗೆಲ್ಲ ಮಾಡಬೇಡಿ. ಆ ಘಾಟಿಯ ತಿರುವುಗಳು ತಮಾಷೆಯಲ್ಲ.

ಸೋನಿಕ್‌ನನ್ನು ಮಾಡಿದ ಜಪಾನಿನವರು ಅಡಿಕೆ ಹಾಳೆ ಕಂಡವರಲ್ಲ. ಆದರೂ ಅವರಿಗೆ ಇಳಿಜಾರಿನ ಈ ಸಂಗತಿ ತಿಳಿದಿತ್ತು. ಅವರ ಗುಡ್ಡಕ್ಕೆ ಏರು ಎಂದರೆ ಏರು, ಇಳುಕಲು ಎಂದರೆ ಇಳುಕಲು. ಸುತ್ತು ಹೊಡೆದು ತಲೆಕೆಳಗಾಗಿ ಹೋಗುವ ದಾರಿಯೊಂದು ಬರುತ್ತದೆ. ವೇಗವಿದ್ದರೆ ದಾಟುತ್ತೀರಿ, ಇಲ್ಲದಿದ್ದರೆ ಅರ್ಧಕ್ಕೆ ಹೋಗಿ ಹಿಂದಕ್ಕೆ ಜಾರುತ್ತೀರಿ. ಸಾಗರದಲ್ಲಿ ಮೂರು ವರ್ಷಕ್ಕೊಮ್ಮೆ ನಡೆಯುವ ಮಾರಿಜಾತ್ರೆಗೆ ಬಂದವರಿಗೆ ಇದನ್ನು ವಿವರಿಸಬೇಕಿಲ್ಲ. ಹಲಗೆಯ ಬಾವಿಯೊಳಗೆ ಬೈಕ್ ಓಡಿಸುವವನು ಗೋಡೆಯ ಮೇಲೆ ಅಡ್ಡಡ್ಡ ಸುತ್ತುತ್ತಾನಲ್ಲ, ಅವನು ಅಲ್ಲಿ ನಿಂತಿರುವುದು ವೇಗದ ಮೇಲೆ. ಒಂದು ಗಳಿಗೆ ನಿಂತನೋ, ಬಿದ್ದ. ನಮ್ಮ ಎದೆ ಡವಗುಟ್ಟುವುದು ಅದಕ್ಕೇ.

ಆ ಕಪ್ಪು ಪೆಟ್ಟಿಗೆಗೂ ಕರೆಂಟಿಗೂ ಆದ ಜಗಳವನ್ನು ಬರೆಯಲು ಕೂತರೆ ಇನ್ನೊಂದು ಹರಟೆ ಬೇಕು. ಲಿಂಗನಮಕ್ಕಿ ಸಾಗರ ತಾಲ್ಲೂಕಿನಲ್ಲೇ, ಶರಾವತಿಯ ಕರೆಂಟಿನಿಂದ ಇಡೀ ನಾಡಿನಲ್ಲಿ ದೀಪ, ನಮ್ಮ ಮನೆಯಲ್ಲಿ ಮಾತ್ರ ಸಂಜೆ ಆರಕ್ಕೆ ಚಿಮಣಿ ಬುಡ್ಡಿ. ಮೊದಲ ಸೋನಿಕ್‌ನಲ್ಲಿ ಆಡಿದ್ದನ್ನು ಉಳಿಸಿಕೊಳ್ಳುವ ಉಪಾಯವಿರಲಿಲ್ಲ. ಕರೆಂಟು ಹೋಯಿತೆಂದರೆ ಮತ್ತೆ ಮೊದಲಿಂದ. ನಾಲ್ಕನೆಯ ಜಾಗಕ್ಕೆ, ಲ್ಯಾಬಿರಿಂತ್ ಎಂಬ ನೀರು ತುಂಬಿದ ಪಾಳು ಗುಹೆಗೆ, ಮುಟ್ಟುವಷ್ಟರಲ್ಲಿ ಮೆಸ್ಕಾಂ ಹುಟ್ಟುವ ಮುಂಚಿನ ಕೆಇಬಿಯವರಿಗೆ ನಮ್ಮ ನೆನಪಾಗುತ್ತಿತ್ತು. ಆ ನೀರಿನಲ್ಲಿ ಸೋನಿಕ್‌ಗೆ ಉಸಿರು ಕಟ್ಟುತ್ತದೆ. ಪರದೆಯ ಮೇಲೆ ಐದು, ನಾಲ್ಕು, ಮೂರು ಎಂದು ಎಣಿಕೆ, ಅದರ ಜೊತೆಗೆ ಗಾಬರಿ ಹುಟ್ಟಿಸುವ ಸಂಗೀತ. ಅದು ಶುರುವಾದರೆ ಅಜ್ಜಿ ಕವಳ ಕುಟ್ಟುವುದನ್ನು ನಿಲ್ಲಿಸಿ, "ಅದನ್ನ ಮೇಲೆ ಎತ್ರೋ, ಎತ್ರೋ" ಎನ್ನುವರು. ಉಳಿದ ಹೊತ್ತು ಮುಳ್ಳುಹಂದಿಯ ಮೇಲೆ ಇಲ್ಲದ ಕರುಣೆ ಆಗ ಎಲ್ಲಿಂದ ಬರುತ್ತದೆ ಎಂದು ನಾವು ನಗುತ್ತಿದ್ದೆವು. ಅಜ್ಜಿಯ ತವರುಮನೆ 1964ರಲ್ಲಿ ಲಿಂಗನಮಕ್ಕಿಯ ನೀರಿನಲ್ಲಿ ಮುಳುಗಿತ್ತು. ಮಳೆಗಾಲ ಬಂದರೆ ಪೇಪರಿನವನು ಗೇಟಿನಲ್ಲಿರುವಾಗಲೇ "ಡ್ಯಾಮ್ ಎಷ್ಟಾಯ್ತೋ?" ಎಂದು ಕೇಳುತ್ತಿದ್ದರು. ಡ್ಯಾಮ್ ತುಂಬುವ 1819 ಅಡಿ ಎಂಬ ಅಂಕಿ ಅವರಿಗೆ ತಮ್ಮ ಹುಟ್ಟಿದ ತಾರೀಖಿಗಿಂತ ಚೆನ್ನಾಗಿ ಗೊತ್ತಿತ್ತು. ನಾವು ನಕ್ಕದ್ದು ತಪ್ಪು ಎಂದು ಗೊತ್ತಾಗುವ ಹೊತ್ತಿಗೆ ಅಜ್ಜಿ ಇರಲಿಲ್ಲ.

ಎರಡನೇ ಸೋನಿಕ್ ಬಂತು, ಮೂರನೆಯದೂ ಬಂತು. 1994ರ ಕೊನೆಗೆ ಬಂದದ್ದಂತೂ ವಿಚಿತ್ರ: ಆ ಕ್ಯಾಸೆಟ್ಟಿನ ನೆತ್ತಿಯಲ್ಲೇ ಒಂದು ಬಾಯಿ, ಅದರೊಳಗೆ ಮೂರನೆಯ ಕ್ಯಾಸೆಟ್ಟನ್ನು ಸಿಕ್ಕಿಸಿದರೆ ಎರಡೂ ಕೂಡಿ ಒಂದೇ ದೊಡ್ಡ ಆಟ. ಬಾವ ಮರುವರ್ಷ ಅದನ್ನೂ ತಂದ. ನಾವು ಮಹಡಿ ಮನೆ ಎನ್ನುತ್ತಿದ್ದೆವು. ಅಲ್ಲಿಗೆ ಆ ಸುಖ ಮುಗಿಯಿತು. ಆಮೇಲೆ ಸೋನಿಕ್ ಎತ್ತರ ಅಗಲ ಆಳ ಮೂರೂ ಇರುವ ಲೋಕಕ್ಕೆ ಹೋದ, ನಾನು ಬೆಂಗಳೂರಿಗೆ ಹೋದೆ. ಇಬ್ಬರೂ ಅಲ್ಲಿ ಅಷ್ಟೇನೂ ಸುಖವಾಗಿರಲಿಲ್ಲ.

2010ರಲ್ಲಿ ಸೆಗಾದವರು ಸುದ್ದಿ ಹೊರಡಿಸಿದರು: ಸೋನಿಕ್ 4 ಬರುತ್ತದೆ, ಹಳೆಯ ಹಾಗೆಯೇ ಪಕ್ಕದಿಂದ ನೋಡುವ ಆಟ, ಮಹಡಿ ಮನೆಯ ಕಥೆ ಎಲ್ಲಿ ನಿಂತಿತ್ತೋ ಅಲ್ಲಿಂದ ಮುಂದಕ್ಕೆ. ಹದಿನಾರು ವರ್ಷದ ಮೇಲೆ! ಅದರಲ್ಲೂ 4 ಎಂಬ ಅಂಕಿಯನ್ನೇ ಹಾಕಿದ್ದರು. ಹೆಸರು ಏನಾದರೂ ಇಟ್ಟಿದ್ದರೆ ಜನ ಇಷ್ಟು ಆಸೆ ಪಡುತ್ತಿರಲಿಲ್ಲ. ಅಂಕಿ ಹಾಕುವುದೆಂದರೆ ಪಂಕ್ತಿಯಲ್ಲಿ ಎಲೆ ಹಾಕಿದ ಹಾಗೆ. ಕೂತವನು ಊಟ ಬರುತ್ತದೆ ಎಂದೇ ತಿಳಿಯುತ್ತಾನೆ. ಡಿಂಪ್ಸ್ ಎಂಬ ಕಂಪನಿ ಸೆಗಾದ ತಂಡದೊಡನೆ ಸೇರಿ ಮಾಡಿತು, ಮೊದಲ ಕಂತು ಆ ಅಕ್ಟೋಬರಿನಲ್ಲಿ ಬಂತು, ಕಂಪ್ಯೂಟರಿಗೆ 2012ರಲ್ಲಿ. ನಾನು ಕೊಂಡು, ಇಳಿಸಿಕೊಂಡು, ಆಡದೆ ಕಾದಿಟ್ಟು, ಲ್ಯಾಪ್‌ಟಾಪನ್ನು ಹೆಗಲಿಗೇರಿಸಿ ರಾತ್ರಿ ಬಸ್ಸಿನಲ್ಲಿ ಸಾಗರಕ್ಕೆ ಹೋದೆ. ಇದನ್ನು ಆಡಬೇಕಾದ್ದು ಆ ಜಗಲಿಯಲ್ಲೇ, ಬಾವನ ಎದುರಿಗೇ ಎಂಬ ಹಟ. ಬಾವ ಮಸ್ಕತ್ ಬಿಟ್ಟು ಬಂದು ತೋಟ ನೋಡಿಕೊಳ್ಳುತ್ತಿದ್ದ. ಸೊಂಟ ನೋವು, ಔಷಧಿ ಕೂಲಿ, ಕೊಳೆರೋಗ ಎಂದು ಅರ್ಧ ಗಂಟೆ ಮಾತಾಡಿದ ಮೇಲೆ "ಎಲ್ಲಿ, ನಿನ್ನ ಮುಳ್ಳುಹಂದಿ ತೋರ್ಸು" ಎಂದ.

ಮೊದಲ ನೋಟಕ್ಕೆ ಇಬ್ಬರ ಬಾಯಲ್ಲೂ ಆಹಾ. ಅದೇ ಹಸಿರು ಗುಡ್ಡ, ಅದೇ ಚೌಕುಳಿ ಮಣ್ಣು, ಅದೇ ಸೂರ್ಯಕಾಂತಿ ಹೂವು. ಬಣ್ಣ ಹೊಸದು, ಗೆರೆ ನಯ. ಬಾವನೇ ಶುರುಮಾಡಿದ. ಗುಡ್ಡದ ತಲೆಗೆ ಬಂದ. ಕೆಳಗಿನ ಗುಂಡಿ ಒತ್ತಿದ. ಸೋನಿಕ್ ಉಂಡೆ ಕಟ್ಟಿಕೊಂಡ, ಉರುಳಿದ, ಉರುಳುತ್ತ ಉರುಳುತ್ತ ನಿಧಾನವಾದ! ಬಾವ ನನ್ನ ಮುಖ ನೋಡಿದ. ಲ್ಯಾಪ್‌ಟಾಪು ಬಿಸಿಯಾಗಿರಬೇಕು ಎಂದೆ. ಕೆಳಗೊಂದು ಅಡಿಕೆ ಹಾಳೆಯನ್ನೇ ಒಟ್ಟಿ ಗಾಳಿ ಆಡಲು ಬಿಟ್ಟೆವು. ಮತ್ತೆ ಆಡಿದರೂ ಅಷ್ಟೆ. ಜಿಗಿದು ಗುಂಡಿಯಿಂದ ಬೆರಳು ತೆಗೆದರೆ, ಹಿಂದಿನಿಂದ ಯಾರೋ ಅಂಗಿ ಹಿಡಿದೆಳೆದ ಹಾಗೆ ವೇಗವೆಲ್ಲ ಸತ್ತು ಸೋನಿಕ್ ನೆಟ್ಟಗೆ ಕೆಳಕ್ಕೆ ಬೀಳುತ್ತಾನೆ. ದಿಬ್ಬದಿಂದ ಉಂಡೆಯಾಗಿ ಹಾರಿದರೆ ನಡುಗಾಳಿಯಲ್ಲಿ ಉಂಡೆ ಬಿಚ್ಚಿಕೊಂಡು ಕೈಕಾಲು ಬಿಡುತ್ತಾನೆ. ಎಲ್ಲಕ್ಕಿಂತ ದೊಡ್ಡ ಅನ್ಯಾಯ ಆ ಸುತ್ತುದಾರಿಯಲ್ಲಿ. ಬಾವನ ಹತ್ತು ವರ್ಷದ ಮಗಳು ನಮ್ಮಿಬ್ಬರ ನಡುವೆ ತೂರಿಕೊಂಡು ಆಡುತ್ತಿದ್ದವಳು, ಕಡಿದಾದ ಗೋಡೆಯ ಮೇಲೆ ಸೋನಿಕ್‌ನನ್ನು ಬೇಕೆಂದೇ ನಿಲ್ಲಿಸಿದಳು. ಅವನು ನಿಂತ. ಗೋಡೆಗೆ ಅಂಟಿಕೊಂಡು, ಹಲ್ಲಿಯ ಹಾಗೆ.

"ಮಾವಾ, ಇವ್ನು ಬೀಳೋದೇ ಇಲ್ಲ!" ಎಂದಳು. ಮೆಚ್ಚಿ ಹೇಳಿದ ಮಾತಲ್ಲ ಅದು. ಇನ್ನೆರಡು ಸಲ ನಿಲ್ಲಿಸಿ ನೋಡಿ, ಬೇಸರವಾಗಿ ಎದ್ದು ಹೋದಳು. ಬಾವಿಯೊಳಗಿನ ಬೈಕಿನವನು ಗೋಡೆಯ ಮಧ್ಯೆ ಬೈಕಿಗೆ ಸ್ಟ್ಯಾಂಡ್ ಹಾಕಿ ಬೀಡಿ ಹಚ್ಚಿದರೆ ಟಿಕೆಟ್ ಕೊಟ್ಟವನು ಇನ್ನೇನು ಮಾಡಬೇಕು?

ಪತ್ರಿಕೆಗಳ ವಿಮರ್ಶಕರು ಪರವಾಗಿಲ್ಲ ಎಂದೇ ಬರೆದಿದ್ದರು. ಗೊಣಗಿದ್ದು ಹಳೇ ಆಟಗಾರರು. ಹೊಸಬರಿಗೆ ಅದು ಗೊಣಗಾಟವಾಗಿ ಕೇಳಿದ್ದರೂ ಅದರಲ್ಲಿ ನ್ಯಾಯವಿತ್ತು. ಹಳೆಯ ಕ್ಯಾಸೆಟ್ಟಿನಿಂದ ಏನೇನು ನಕಲು ಮಾಡಬೇಕೆಂದು ಪಟ್ಟಿ ಮಾಡಿದವರು ಕಣ್ಣಿಗೆ ಕಾಣುವುದನ್ನೆಲ್ಲ ಬರೆದುಕೊಂಡರು: ಹೂವು, ಸೇತುವೆ, ಜೂಜುಕಟ್ಟೆಯ ದೀಪಗಳು, ನೀರು ತುಂಬಿದ ಗುಹೆ, ಕಾರ್ಖಾನೆ. ಇಳಿಜಾರು ಪಟ್ಟಿಯಲ್ಲಿ ಬಿಟ್ಟುಹೋಯಿತು. ಅದು ಚಿತ್ರದಲ್ಲಿ ಕಾಣುವುದಿಲ್ಲವಲ್ಲ, ಕುಂಡೆಗೆ ಗೊತ್ತಾಗಬೇಕು. 2012ರ ಮೇನಲ್ಲಿ ಬಂದ ಎರಡನೇ ಕಂತಿನಲ್ಲಿ ಸ್ವಲ್ಪ ತಿದ್ದಿದರು. ಮೂರನೇ ಕಂತು ಬರಲೇ ಇಲ್ಲ. ಬಾವ ಅಂದೇ ರಾತ್ರಿ ತೀರ್ಪು ಕೊಟ್ಟಿದ್ದ: "ತೋಟದ ಫೋಟೋ ಹೊಡೆದು ಗೋಡೆಗೆ ಹಾಕಿದಾರೆ. ಅಡಿಕೆ ಮಾತ್ರ ಬಿಡೋದಿಲ್ಲ."

ಇಂಥ ಫೋಟೋ ನಮ್ಮ ಕಡೆಯೂ ತೆಗೆದಿದ್ದಾರೆ. 2006ರ ಕೊನೆಗೆ ಬಂದ ಯೋಗರಾಜ ಭಟ್ಟರ 'ಮುಂಗಾರು ಮಳೆ' ಬೆಂಗಳೂರಿನ ಮಲ್ಟಿಪ್ಲೆಕ್ಸಿನಲ್ಲಿ ವರ್ಷದ ಮೇಲೆ ಓಡಿತು. ಅದರಲ್ಲಿ ಜೋಗವನ್ನು ನೋಡಿದ ಮೇಲೆ ಅಲ್ಲಿಗೆ ಜನ ನುಗ್ಗಿದ ರೀತಿಗೆ ಸಾಗರದ ಬಸ್ ಸ್ಟ್ಯಾಂಡೇ ಸಾಕ್ಷಿ. ಹತ್ತು ವರ್ಷದ ಮೇಲೆ, 2016ರಲ್ಲಿ, ಬೇರೆ ನಿರ್ದೇಶಕರ ಕೈಯಲ್ಲಿ 'ಮುಂಗಾರು ಮಳೆ 2' ಬಂತು. ಮೊದಲಿನ ನಾಯಕ ಗಣೇಶ್ ಇದ್ದರು, ಮಳೆ ಇತ್ತು, ಮಳೆಯನ್ನು ಮೊದಲಿಗಿಂತ ಚೆಂದವಾಗಿ ತೆಗೆದಿದ್ದರು. ಟಾಕೀಸಿನಿಂದ ಹೊರಗೆ ಬಂದರೆ ಸಾಗರದಲ್ಲಿ ನಿಜವಾದ ಮಳೆ ಸುರಿಯುತ್ತಿತ್ತು. ನನಗೆ ಅದೇ ಹೆಚ್ಚು ಹಿಡಿಸಿತು. ಮಾಲ್ಗುಡಿಯದೂ ಹೀಗೇ. 1986ರಿಂದ ದೂರದರ್ಶನದಲ್ಲಿ ಬಂದ ಶಂಕರ್ ನಾಗರ 'ಮಾಲ್ಗುಡಿ ಡೇಸ್' ತೀರ್ಥಹಳ್ಳಿ ತಾಲ್ಲೂಕಿನ ಆಗುಂಬೆಯನ್ನೇ ಮಾಲ್ಗುಡಿ ಮಾಡಿತು. ಇಪ್ಪತ್ತು ವರ್ಷದ ಮೇಲೆ ಕವಿತಾ ಲಂಕೇಶರ ನಿರ್ದೇಶನದಲ್ಲಿ ಅದು ಮತ್ತೆ ಮುಂದುವರಿಯಿತು. ಆದರೆ ಇವತ್ತಿಗೂ ಆಗುಂಬೆಗೆ ಬಂದವರು ದೊಡ್ಡಮನೆಯ ಕಂಬಕ್ಕೆ ಒರಗಿ ಕೂತು ನೆನೆಯುವುದು ಹಳೆಯ ಧಾರಾವಾಹಿಯ ಪೋರ ಸ್ವಾಮಿಯನ್ನೇ.

ತಡವಾಗಿ ಬಂದದ್ದೆಲ್ಲ ಕೆಟ್ಟದು ಎನ್ನುವವರಿಗೆ ಮಾತ್ರ ತೀರ್ಥಹಳ್ಳಿಯವರು ಉತ್ತರ ಇಟ್ಟುಕೊಂಡಿದ್ದಾರೆ. 'ಕಾನೂರು ಹೆಗ್ಗಡಿತಿ' 1936ರದು. ಆಮೇಲೆ ಮೂವತ್ತೊಂದು ವರ್ಷ ಬಿಟ್ಟು, 1967ರಲ್ಲಿ, ಕುವೆಂಪು 'ಮಲೆಗಳಲ್ಲಿ ಮದುಮಗಳು' ಕೊಟ್ಟರು. ಮೊದಲ ಕಾದಂಬರಿಯ ಹೂವಯ್ಯನಿಗೆ ಆಮೇಲೆ ಏನಾಯಿತು ಎಂದು ಓದುಗರು ಕೇಳಿರಲಾರರೇ? ಅವರು ಆ ಹಾದಿ ಹಿಡಿಯಲಿಲ್ಲ. ಕಾಲದಲ್ಲಿ ಇನ್ನೂ ಹಿಂದಕ್ಕೆ ಹೋದರು, ಹೊಸ ಜನರನ್ನು ಕರೆತಂದರು. ಮಲೆ, ಮಳೆ, ಇಂಬಳ ಮಾತ್ರ ಮೊದಲಿನವೇ. ಅಂಕಿ ಹಾಕಲಿಲ್ಲ. 'ಕಾನೂರು ಹೆಗ್ಗಡಿತಿ 2' ಎಂಬ ಪುಸ್ತಕವನ್ನು ಊಹಿಸಿಕೊಂಡರೆ ನನಗೆ ಮೈ ಜುಂ ಎನ್ನುತ್ತದೆ. ಯಕ್ಷಗಾನದವರಂತೂ ಇನ್ನೂ ಜಾಣರು. ಗದಾಯುದ್ಧವನ್ನು ನನ್ನ ಕಣ್ಣೆದುರಿಗೇ ಮೂವತ್ತು ಸಲ ಆಡಿದ್ದಾರೆ. ದುರ್ಯೋಧನ ಪ್ರತಿ ಸಲ ಅದೇ ನೀರಿನಿಂದ ಎದ್ದು ಬರುತ್ತಾನೆ, ಅದೇ ತೊಡೆಗೆ ಪೆಟ್ಟು ತಿನ್ನುತ್ತಾನೆ. ಭಾಗವತರ ಏರುಪದ ಕೂರಬೇಕಾದಲ್ಲಿ ಕೂತರೆ ಜನ ಬೆಳಗಿನವರೆಗೆ ಕದಲುವುದಿಲ್ಲ.

ಸೋನಿಕ್‌ನ ಕಥೆ ಅಲ್ಲಿಗೇ ಮುಗಿದಿದ್ದರೆ ಇಷ್ಟುದ್ದ ಬರೆಯುತ್ತಿರಲಿಲ್ಲ. ಕ್ರಿಶ್ಚಿಯನ್ ವೈಟ್‌ಹೆಡ್ ಎಂಬ ಆಸ್ಟ್ರೇಲಿಯಾದ ಹುಡುಗನೊಬ್ಬ ಹಳೆಯ ಸೋನಿಕ್‌ನ ಭಕ್ತ. ಅದರ ಓಟ, ಜಿಗಿತ, ಉರುಳು ಎಲ್ಲವನ್ನೂ ಬಿಡಿಸಿ ನೋಡಿ, ಹಾಗೇ ಮರಳಿ ಕಟ್ಟುವುದನ್ನು ಹವ್ಯಾಸವಾಗಿ ಕಲಿತಿದ್ದ. ಸೆಗಾದವರು ಅವನನ್ನೂ ಅವನಂಥ ಇನ್ನೂ ಕೆಲವು ಅಭಿಮಾನಿಗಳನ್ನೂ ಕರೆದು ಕೆಲಸ ಕೊಟ್ಟರು. 2017ರಲ್ಲಿ 'ಸೋನಿಕ್ ಮೇನಿಯಾ' ಬಂತು. ಬಣ್ಣ ಹಳೇ ಕಾಲದ ಚುಕ್ಕಿಚುಕ್ಕಿಯದೇ. ಅಂಕಿ ಇಲ್ಲ. ಬಾವನ ಮಗಳಿಗೆ ಆಗ ಹದಿನೈದು. ಗುಡ್ಡದ ತಲೆಯಿಂದ ಒಮ್ಮೆ ಉರುಳಿಸಿ, "ಇದು ಜಾರ್ತದೆ ಮಾವಾ" ಎಂದಳು. ಐದು ವರ್ಷದ ಹಿಂದೆ ಬೇಸರವಾಗಿ ಎದ್ದು ಹೋದ ನ್ಯಾಯಾಧೀಶೆಯಿಂದ ಅಷ್ಟು ಸಾಕಿತ್ತು.

ಕಪ್ಪು ಪೆಟ್ಟಿಗೆ ಈಗಲೂ ಅತ್ತೆಮನೆಯ ಅಟ್ಟದಲ್ಲಿದೆ, ಅಡಿಕೆ ಮೂಟೆಗಳ ಪಕ್ಕ, ಮಹಡಿ ಮನೆ ಕ್ಯಾಸೆಟ್ಟಿನ ಸಮೇತ. ಕಳೆದ ದೀಪಾವಳಿಗೆ ಧೂಳು ಊದಿ ಹಚ್ಚಿದೆವು, ಹತ್ತಿತು. ಹಳೇ ದಪ್ಪ ಟೀವಿಯೂ ಇದೆ. ಸಾಗರದ ಕಡೆ ಬಂದರೆ ಒಂದು ಮಾತು ಹೇಳಿ ಕಳಿಸಿ, ಕವಳ ಹಾಕಿಕೊಂಡು ಎರಡು ಆಟ ಆಡೋಣ. ಬರುವುದಿದ್ದರೆ ಬೇಸಗೆಯಲ್ಲಿ ಬನ್ನಿ. ಮಳೆಗಾಲದಲ್ಲಿ ಕರೆಂಟಿನ ಭರವಸೆ ನಾನು ಈಗಲೂ ಕೊಡಲಾರೆ.